ಕೇಳೋ ಅಕ್ಕನ ನೀಲಿ ಗೀಟು

ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಮೊದಲು ತಗಡಿನ ಬಾಗಿಲು ಮೇಲೇರುತ್ತದೆ, ಅದೂ ಅರ್ಧದವರೆಗೆ ಮಾತ್ರ. ಪೂರ್ತಿ ಎತ್ತಿದರೆ ಅದರ ಸದ್ದಿಗೆ ಎದುರು ಮನೆಯ ಮಗು ಏಳುತ್ತದೆ. ನಂತರ ಎರಡು ದೀಪಗಳು ಹೊತ್ತಿಕೊಳ್ಳುತ್ತವೆ. ಒಂದು ಹೊಲಿಗೆ ಯಂತ್ರದ ಮೇಲೆ, ಇನ್ನೊಂದು ಎಣ್ಣೆ ಕುಡಿದು ಕಪ್ಪಾದ ಸಿಮೆಂಟಿನ ನೆಲದ ಮೇಲೆ. ಆಮೇಲೆ ಒಂದು ಮರದ ಮಣೆ ಹೊರಬರುತ್ತದೆ. ಮಣೆಯ ಮೇಲೆ ಐವತ್ತಾರು ವರ್ಷದ ಮಹಿಳೆಯೊಬ್ಬರು ಕೂರುತ್ತಾರೆ. ಕೊನೆಗೆ ಓಣಿಯ ತಿರುವಿನಲ್ಲಿ ಒಂದು ಸ್ಕೂಟರ್ ಕಾಣಿಸಿಕೊಳ್ಳುತ್ತದೆ. ಯುವತಿಯೊಬ್ಬಳು ಅದನ್ನು ತಳ್ಳಿಕೊಂಡು ಬರುತ್ತಿದ್ದಾಳೆ.

ಈ ಶೆಡ್ಡಿಗೆ ಓಡುತ್ತಾ ಬರುವ ಸ್ಕೂಟರ್ ಇಲ್ಲವೇ ಇಲ್ಲ. ಇಲ್ಲಿ ನಡೆಯುವುದು ಒಂದೇ ಬಗೆಯ ಕೆಲಸ. ಬೇರೆಲ್ಲೋ ಎಂಜಿನ್ ಬಿಚ್ಚಿ, ಸರಿಪಡಿಸಿ, ಮತ್ತೆ ಮುಚ್ಚಿರುತ್ತಾರೆ. ಎಲ್ಲವೂ ಹೊಸದು, ಎಲ್ಲವೂ ಬಿಗಿ. ಆದರೆ ಗಾಡಿ ಚಾಲೂ ಆಗುವುದಿಲ್ಲ. ಮಾಡಿದವರಿಗೆ ಮತ್ತೆ ಬಿಚ್ಚುವ ಮನಸ್ಸಿಲ್ಲ, ಮಾಡಿಸಿದವರಿಗೆ ಮತ್ತೆ ಕಾಯುವ ತಾಳ್ಮೆಯಿಲ್ಲ. ಅಂಥ ಗಾಡಿಗಳು ಈ ಮಣೆಯ ಮುಂದೆ ಬಂದು ನಿಲ್ಲುತ್ತವೆ.

ಮಣೆಯ ಮೇಲಿನ ಮಹಿಳೆಯನ್ನು ಸುತ್ತಲಿನ ಐದಾರು ಬಡಾವಣೆಗಳು 'ಕೇಳೋ ಅಕ್ಕ' ಎಂದು ಕರೆಯುತ್ತವೆ. ಕೇಳುವುದೆಂದರೆ ಪ್ರಶ್ನಿಸುವುದೂ ಹೌದು, ಕಿವಿಗೊಡುವುದೂ ಹೌದು. ಅವರು ಮಾಡುವುದು ಈ ಎರಡನ್ನೇ, ಇದೇ ಕ್ರಮದಲ್ಲಿ. ಮೊದಲು ಗಾಡಿಯವರನ್ನು ಕೇಳುತ್ತಾರೆ, ನಂತರ ಗಾಡಿಯನ್ನು ಕೇಳುತ್ತಾರೆ. ಸ್ಪ್ಯಾನರ್ ಕೈಗೆ ಬರುವುದು ಮೂರನೆಯದಾಗಿ.

"ಕೂತ್ಕೊ ಮೊದಲು," ಎನ್ನುತ್ತಾರೆ ಅಕ್ಕ. ಯುವತಿಯ ಹಣೆಯಿಂದ ಬೆವರು ಇಳಿಯುತ್ತಿದೆ.

"ಕೂರೋಕೆ ಟೈಮಿಲ್ಲ ಅಕ್ಕ. ಏಳೂವರೆಗೆ ಮೊದಲನೇ ಮನೆ."

"ನೀನು ನಿಂತ್ಕೊಂಡ್ರೆ ಗಾಡಿ ಬೇಗ ಹೊರಡುತ್ತಾ?"

ಯುವತಿ ಕೂರುತ್ತಾಳೆ. ಆಕೆ ರೋಗಪರೀಕ್ಷಾ ಕೇಂದ್ರವೊಂದರ ಪರವಾಗಿ ಮನೆಮನೆಗೆ ಹೋಗಿ ರಕ್ತದ ಮಾದರಿ ಸಂಗ್ರಹಿಸುವವಳು. ದಿನಕ್ಕೆ ಹತ್ತು ಹನ್ನೆರಡು ಮನೆ. ಬಹುಪಾಲು ವಯಸ್ಸಾದವರು, ರಾತ್ರಿಯಿಂದ ಏನೂ ತಿನ್ನದೆ ಕಾಯುವವರು. ಸೋಮವಾರ ಮತ್ತು ಮಂಗಳವಾರ ಆಕೆ ಸಿಕ್ಕ ಬಾಡಿಗೆ ವಾಹನದಲ್ಲಿ ಓಡಾಡಿ, ಎರಡೂ ದಿನ ಮೊದಲ ಮನೆಗೇ ತಡವಾಗಿ ತಲುಪಿದ್ದಾಳೆ. ಇಂದು ಬುಧವಾರ. ಇಂದೂ ತಡವಾದರೆ ಆ ಬಡಾವಣೆಯನ್ನು ಇನ್ನೊಬ್ಬರಿಗೆ ಕೊಡುವುದಾಗಿ ಕೇಂದ್ರದವರು ನಿನ್ನೆ ಸಂಜೆ ಹೇಳಿದ್ದಾರೆ. ನಾಲ್ಕು ವರ್ಷದಿಂದ ಆಕೆ ಓಡಾಡುತ್ತಿರುವ ಬಡಾವಣೆ ಅದು.

"ಸರಿಯಾಗಿ ಓಡಿದ್ದು ಯಾವತ್ತು ಕೊನೆ?"

"ಹೋದ ಶುಕ್ರವಾರ."

"ಆಮೇಲೆ ಯಾರು ಎಲ್ಲಿ ಕೈ ಹಾಕಿದ್ರು? ಒಂದೊಂದಾಗಿ ಹೇಳು. ನಿನಗೆ ಮುಖ್ಯ ಅನ್ನಿಸದೇ ಇರೋದನ್ನೂ ಹೇಳು."

"ನಮ್ಮಣ್ಣ ಮಾಡಿದ್ದು ಅಕ್ಕ. ನೀರಿನ ಪಂಪ್ ರಿಪೇರಿ ಅವನದ್ದು, ಗಾಡಿ ಕೆಲಸಾನೂ ಬರುತ್ತೆ. ಹೊಸ ಪಿಸ್ಟನ್ನು, ರಿಂಗು ಹಾಕ್ದ. ಮ್ಯಾಗ್ನೆಟ್ ಹಿಂದೆ ಎಣ್ಣೆ ಸೋರ್ತಿತ್ತು, ಅದನ್ನ ತೆಗೆದು ಸೀಲ್ ಬದಲಾಯಿಸ್ದ. ಭಾನುವಾರ ಸಂಜೆ ಮುಚ್ಚಿದ್ದು. ಅವತ್ತಿಂದ ಒದೀತಾನೇ ಇದೀನಿ. ಆಗಾಗ ಸೈಲೆನ್ಸರಲ್ಲಿ ಢಬ್ ಅನ್ನುತ್ತೆ, ಅಷ್ಟೇ. ಮತ್ತೆ ಎಂಜಿನ್ ಬಿಚ್ಚಬೇಕು, ಎರಡು ದಿನ ಬೇಕು ಅಂತಾನೆ."

"ಜೊತೇಲಿ ಯಾರಿದ್ರು?"

"ನಾನೇ. ಟಾರ್ಚ್ ಹಿಡ್ಕೊಂಡು, ಕೇಳಿದ್ದು ಕೊಡ್ತಾ ಇದ್ದೆ."

"ಕೀ ಹಾಕಿದ್ರಾ?"

"ಹಾಕಿದೀವಿ. ಅದನ್ನ ನಾನೇ ಹಾಕಿದ್ದು."

"ಗಟ್ಟಿ?"

"ಕೈಯಾರೆ ಹಾಕಿದೀನಿ ಅಕ್ಕ."

ಅಕ್ಕ ಸೊಂಟಕ್ಕೆ ಸಿಕ್ಕಿಸಿದ ಚೀಲದಿಂದ ನೀಲಿ ಸೀಮೆಸುಣ್ಣದ ಚೂರೊಂದನ್ನು ತೆಗೆದು ಎಂಜಿನ್ನಿನ ಪಕ್ಕದ ಮುಚ್ಚಳದ ಮೇಲೆ ಒಂದು ಗೀಟು ಎಳೆಯುತ್ತಾರೆ. ದರ್ಜಿಗಳು ಬಟ್ಟೆಯ ಮೇಲೆ ಗುರುತು ಹಾಕಲು ಬಳಸುವ ಚಪ್ಪಟೆ ಸೀಮೆಸುಣ್ಣ ಅದು. ಪರೀಕ್ಷಿಸಿ ಮುಗಿದ ಪ್ರತಿ ಭಾಗದ ಮೇಲೂ ಒಂದು ಗೀಟು. ಗೀಟು ಬಿದ್ದ ಕಡೆಗೆ ಅವರು ಮತ್ತೆ ಹೋಗುವುದಿಲ್ಲ. "ಇಲ್ಲಾಂದ್ರೆ ತಿರುಗಿ ತಿರುಗಿ ಅಲ್ಲೇ ಕೈ ಹೋಗುತ್ತೆ. ಮನುಷ್ಯನ ಬುದ್ಧಿ ಅಷ್ಟೇ, ಒಂದು ಕಡೆ ಅನುಮಾನ ಕೂತ್ರೆ ಬೇರೆ ಕಡೆ ನೋಡೋದೇ ಇಲ್ಲ," ಎಂಬುದು ಅವರ ವಿವರಣೆ.

ಸೀಮೆಸುಣ್ಣ ಅವರ ಪತಿಯದು. ಶೆಡ್ಡಿನ ಉಳಿದರ್ಧ ಅವರದು. ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಗೋಡೆಗೆ ತೂಗುಬಿದ್ದ ಅಳತೆ ಪಟ್ಟಿ. ಟೇಲರ್ ಕೂಡ ಹೊಸ ಬಟ್ಟೆ ಹೊಲಿಯುವುದನ್ನು ನಿಲ್ಲಿಸಿ ಬಹಳ ಕಾಲವಾಗಿದೆ. ಬೇರೆಯವರು ಹೊಲಿದು ಕೆಡಿಸಿದ್ದನ್ನು ಬಿಚ್ಚಿ ಸರಿಮಾಡುವುದಷ್ಟೇ ಅವರ ಕೆಲಸ. ಎರಡು ವೃತ್ತಿಗಳ ನಡುವೆ ಒಂದು ದಪ್ಪ ಪರದೆ ಇದೆ, ಎಣ್ಣೆ ಸಿಡಿಯಬಾರದೆಂದು. ಮಾತಿಗೆ ಆ ಪರದೆ ಅಡ್ಡಿಯಲ್ಲ.

"ದಿನಕ್ಕೊಂದು ಸೀಮೆಸುಣ್ಣ ಖಾಲಿ ಮಾಡ್ತಾಳೆ ನಮ್ಮ ಮೇಸ್ತ್ರಿ," ಎನ್ನುತ್ತಾರೆ ಟೇಲರ್ ಪರದೆಯಾಚೆಯಿಂದ.

"ನಿಮ್ಮ ಗಾಡಿ ಕೆಟ್ಟಾಗ ನೀವು ಏನು ಖಾಲಿ ಮಾಡಿದ್ರಿ, ಹೇಳ್ಲಾ?"

ಪರದೆಯಾಚೆ ಯಂತ್ರ ಜೋರಾಗಿ ಓಡತೊಡಗುತ್ತದೆ.

ಅಕ್ಕ ಈ ಕೆಲಸಕ್ಕೆ ಬಂದದ್ದು ಆ ಗಾಡಿಯಿಂದಲೇ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಹೊಲಿದ ಬಟ್ಟೆಗಳನ್ನು ಮನೆಗಳಿಗೆ ತಲುಪಿಸುತ್ತಿದ್ದ ಏಕೈಕ ಸ್ಕೂಟರು ಎಂಜಿನ್ ಕೆಲಸದ ನಂತರ ಚಾಲೂ ಆಗದೆ ನಿಂತಿತು. ಮೂರು ಗ್ಯಾರೇಜು ಸುತ್ತಿದರು. ಪ್ರತಿ ಗ್ಯಾರೇಜೂ ಹಿಂದಿನ ಗ್ಯಾರೇಜನ್ನು ಬೈದು ಕಳುಹಿಸಿತು. ಹದಿನೇಳನೆಯ ದಿನ ಅಕ್ಕ ಅಡುಗೆಮನೆಯ ಸಾಮಾನಿನಿಂದಲೇ ಕಾರ್ಬೊರೇಟರ್ ಬಿಚ್ಚಿದರು. ಗಾಳಿ ಒಳಹೋಗುವ ದಾರಿಯಲ್ಲಿ ಬಟ್ಟೆಯ ತುಂಡೊಂದು ಸಿಕ್ಕಿಕೊಂಡಿತ್ತು. ಕೆಲಸ ಮಾಡುವಾಗ ಕಸ ಬೀಳದಿರಲಿ ಎಂದು ತುರುಕಿದವರು ತೆಗೆಯುವುದನ್ನು ಮರೆತಿದ್ದರು.

"ಸಿಟ್ಟಲ್ಲಿ ಬಿಚ್ಚಿದ್ದು, ವಿದ್ಯೆಯಿಂದ ಅಲ್ಲ," ಎಂದು ಅವರು ನೆನೆಯುತ್ತಾರೆ. "ಬಟ್ಟೆ ಎಳೆದು ಒಂದೇ ಸಲ ಒದ್ದೆ. ಶುರುವಾಯ್ತು. ಮೂರು ದೊಡ್ಡ ಮನುಷ್ಯರು ನೋಡಿದ್ರು, ಒಬ್ರಿಗೂ ಅದರ ಮೂಗು ಕಟ್ಟಿದೆ ಅನ್ನಿಸ್ಲಿಲ್ವಲ್ಲ ಅಂತ ಆಶ್ಚರ್ಯ."

"ಬಟ್ಟೆ ನಮ್ಮ ಅಂಗಡೀದೇ," ಎನ್ನುತ್ತಾರೆ ಟೇಲರ್. "ಗ್ಯಾರೇಜಿನವರಿಗೆ ಚೂರುಪಾರು ಕೊಡ್ತಿದ್ದೋನು ನಾನೇ. ಅದನ್ನ ಹೇಳಿ ಇವತ್ತಿಗೂ ಬೈಸ್ಕೋತೀನಿ."

ಮೊದಲ ಮೂರು ವರ್ಷ ಬಂದ ಗಾಡಿಗಳು ಬೆರಳೆಣಿಕೆಯಷ್ಟು. ಸೂಜಿ ಹಿಡಿಯುವ ಮನೆಯಲ್ಲಿ ಸ್ಪ್ಯಾನರ್ ಹಿಡಿಯುತ್ತಾರಂತೆ ಎಂಬ ಕುಹಕ ಓಣಿಯ ತುಂಬ ಇತ್ತು. ಪುಟಗಳು ಹರಿದುಹೋದ ಹಳೆಯ ಕೈಪಿಡಿಯೊಂದನ್ನು ಇಟ್ಟುಕೊಂಡು, ಇಲ್ಲದ ಪುಟಗಳಲ್ಲಿ ಏನಿದ್ದಿರಬಹುದೆಂದು ಎಂಜಿನ್ನನ್ನೇ ನೋಡಿ ಕಲಿತರು. ಒಮ್ಮೆ ಕಿಕ್ಕರ್ ಹಿಮ್ಮೆಟ್ಟಿ ಹೊಡೆದು ಬಲಗಾಲಿನ ಮೂಳೆ ಬಿರುಕುಬಿಟ್ಟಿತು. ಆಗಿನಿಂದ ಒದೆಯುವ ಕೆಲಸವನ್ನು ಗಾಡಿಯವರಿಗೇ ಬಿಟ್ಟಿದ್ದಾರೆ. "ಅದೇ ಒಳ್ಳೇದಾಯ್ತು. ಒದೆಯೋರಿಗೆ ಸದ್ದು ಕೇಳಿಸಲ್ಲ. ಪಕ್ಕದಲ್ಲಿ ಕೂತೋರಿಗೆ ಕೇಳ್ಸುತ್ತೆ."

ಇಂದು ಅವರನ್ನು ಆಗ ನಕ್ಕ ಗ್ಯಾರೇಜುಗಳೇ ಹುಡುಕಿಕೊಂಡು ಬರುತ್ತವೆ. ಗೋಡೆಯ ಹಲಗೆಯ ಮೇಲೆ ಕಳೆದ ಹನ್ನೆರಡು ತಿಂಗಳ ಲೆಕ್ಕ ನೀಲಿ ಗೀಟುಗಳಲ್ಲಿದೆ. ಬಂದ ಸ್ಕೂಟರುಗಳು ಇನ್ನೂರ ಹದಿನಾಲ್ಕು. ಅವುಗಳಲ್ಲಿ ಎಂಜಿನ್ನನ್ನು ನಿಜವಾಗಿಯೂ ಮತ್ತೆ ತೆರೆಯಬೇಕಾಗಿ ಬಂದದ್ದು ಇಪ್ಪತ್ತೊಂದರಲ್ಲಿ ಮಾತ್ರ. ಉಳಿದ ನೂರ ತೊಂಬತ್ತಮೂರರ ದೋಷ ಹೊರಗೇ ಇತ್ತು: ಸಿಕ್ಕಿಸದ ತಂತಿ, ಅದಲುಬದಲಾದ ಪೈಪು, ಗಾಳಿ ಸೋರುವ ಸಂದು, ಮುಚ್ಚಿದ ಸ್ಥಿತಿಯಲ್ಲೇ ಉಳಿದ ಪೆಟ್ರೋಲ್ ತಿರುಪು. ಅಂದರೆ ಹತ್ತರಲ್ಲಿ ಒಂಬತ್ತು ಬಾರಿ ದೊಡ್ಡ ಕೆಲಸ ಸರಿಯಾಗಿಯೇ ಆಗಿರುತ್ತದೆ. ಅದನ್ನು ಮುಗಿಸುವಾಗಿನ ಸಣ್ಣ ಕೆಲಸ ತಪ್ಪಿರುತ್ತದೆ.

ಐದು ಐವತ್ತೆರಡಕ್ಕೆ ಗಾಡಿಯನ್ನು ಕೇಳುವ ಕೆಲಸ ಆರಂಭವಾಗುತ್ತದೆ. "ಒದಿ. ಜೋರಾಗಿ ಬೇಡ, ನಿದ್ದೆಯಿಂದ ಎಬ್ಬಿಸೋ ಹಾಗೆ ಒದಿ." ಅಕ್ಕ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಕಣ್ಣು ಮುಚ್ಚುತ್ತಾರೆ. ಮೂರನೆಯ ಒದೆತಕ್ಕೆ ಸೈಲೆನ್ಸರಿನಲ್ಲಿ ಢಬ್ ಎನ್ನುತ್ತದೆ. ಯುವತಿ ಇನ್ನೊಂದು ಸಲ ಕಾಲೆತ್ತಿದಾಗ ಅಕ್ಕ ಕೈ ಅಡ್ಡ ಹಿಡಿಯುತ್ತಾರೆ. ಒಂದು ಪರೀಕ್ಷೆಗೆ ಮೂರು ಒದೆತ, ಅದಕ್ಕಿಂತ ಹೆಚ್ಚಾದರೆ ಒಳಗೆ ಪೆಟ್ರೋಲ್ ತುಂಬಿ ಇನ್ನೊಂದು ದೋಷ ಹುಟ್ಟಿಕೊಳ್ಳುತ್ತದೆ ಎಂಬುದು ಅವರ ನಿಯಮ.

ಪ್ಲಗ್ ಬಿಚ್ಚುತ್ತಾರೆ. ತುದಿ ಒದ್ದೆಯಾಗಿದೆ, ಪೆಟ್ರೋಲ್ ಒಳಗೆ ಬರುತ್ತಿದೆ. ಒಂದು ಗೀಟು. ಪ್ಲಗ್ಗಿನ ತೂತನ್ನು ದಪ್ಪ ಬಟ್ಟೆಯಿಂದ ಮುಚ್ಚಿ, ಪ್ಲಗ್ಗನ್ನು ಅಲ್ಲಿಂದ ದೂರದ ಲೋಹಕ್ಕೆ ತಾಗಿಸಿ ಒದೆಸುತ್ತಾರೆ. ನೀಲಿ ಕಿಡಿ ಚಟ್ಟೆನ್ನುತ್ತದೆ. ಇನ್ನೊಂದು ಗೀಟು. ಬಟ್ಟೆ ತೆಗೆದು ತೂತಿಗೆ ಹೆಬ್ಬೆರಳು ಒತ್ತಿ ಮತ್ತೆ ಒದೆಸುತ್ತಾರೆ. ಹೆಬ್ಬೆರಳು ಚಿಮ್ಮಿ ಬರುತ್ತದೆ.

"ಆಹಾ," ಎನ್ನುತ್ತಾರೆ ಅಕ್ಕ. "ನಿಮ್ಮಣ್ಣ ಪಿಸ್ಟನ್ ಚೆನ್ನಾಗಿ ಕೂರಿಸಿದಾನೆ ಕಣಮ್ಮ. ಪಂಪಿನವನ ಕೈ ಅಂದ್ರೆ ಕೈ."

ಸಮಯ ಆರು ಹದಿನಾಲ್ಕು. ಪೆಟ್ರೋಲ್ ಇದೆ, ಕಿಡಿ ಇದೆ, ಒತ್ತಡ ಇದೆ. ಎಂಜಿನ್ ಉರಿಯಲು ಬೇಕಾದ ಮೂರೂ ಇದ್ದು ಅದು ಉರಿಯುತ್ತಿಲ್ಲ. ಮುಂದಿನ ಇಪ್ಪತ್ತು ನಿಮಿಷ ಹೊರಗಿನ ಒಂದೊಂದೇ ಭಾಗದ ಪರೀಕ್ಷೆ. ಕಾರ್ಬೊರೇಟರಿನ ಸಂದುಗಳಿಗೆ ಸಾಬೂನಿನ ನೀರು ಸವರಿ ನೋಡುತ್ತಾರೆ, ಗಾಳಿ ಸೋರುತ್ತಿಲ್ಲ. ತಂತಿಗಳನ್ನು ಬಣ್ಣ ಹೋಲಿಸಿ ನೋಡುತ್ತಾರೆ, ಬದಲಾಗಿಲ್ಲ. ಸೈಲೆನ್ಸರಿನ ಬಾಯಿಗೆ ಅಂಗೈ ಇಡುತ್ತಾರೆ, ಗಾಳಿ ಹೊರಬರುತ್ತಿದೆ. ಸ್ಕೂಟರಿನ ಮೈತುಂಬ ನೀಲಿ ಗೀಟುಗಳು. ಯುವತಿ ಕೈಗಡಿಯಾರ ನೋಡುವುದನ್ನು ಬಿಟ್ಟು ಗೋಡೆ ನೋಡುತ್ತಿದ್ದಾಳೆ.

"ಅಕ್ಕ, ಆಗಲ್ಲ ಅನ್ಸಿದ್ರೆ ಹೇಳ್ಬಿಡಿ. ಕೇಂದ್ರಕ್ಕೆ ಫೋನ್ ಮಾಡ್ತೀನಿ."

"ಎಷ್ಟು ಹೊತ್ತಿಗೆ ಹೊರಟ್ರೆ ತಲುಪ್ತೀಯ?"

"ಏಳೂ ಹತ್ತು. ಅದು ಕೊನೆ. ಒಂಬತ್ತು ಕಿಲೋಮೀಟರ್ ಇದೆ."

"ಹಾಗಾದ್ರೆ ಏಳಕ್ಕೆ ಫೋನ್ ಮಾಡು. ಈಗ ಬೇಡ."

ಪರದೆ ಸರಿಸಿ ಟೇಲರ್ ಎರಡು ಲೋಟ ಚಹಾ ತಂದಿಡುತ್ತಾರೆ. ಒಂದು ಯುವತಿಗೆ, ಒಂದು ಸ್ಕೂಟರಿನ ಪಕ್ಕಕ್ಕೆ. ಅಕ್ಕ ಅದನ್ನು ಮುಟ್ಟುವುದಿಲ್ಲ.

"ಮೂರು ಜನಾನೂ ಬಂದಿದಾರೆ, ಊಟ ಶುರುವಾಗಿಲ್ಲ," ಎನ್ನುತ್ತಾರೆ ಅವರು, ಯಾರಿಗೂ ಅಲ್ಲ. "ಅಂದ್ರೆ ಯಾರೋ ಒಬ್ರು ಹೊತ್ತು ತಪ್ಪಿ ಬರ್ತಿದಾರೆ. ಕೈ ತೊಳೆಯೋ ಹೊತ್ತಿಗೆ ಬಂದ ನೆಂಟನ ಹಾಗೆ."

ಕಿಡಿ ಇದ್ದರಷ್ಟೇ ಸಾಲದು, ಅದು ಹಾರಬೇಕಾದ ಗಳಿಗೆಯಲ್ಲೇ ಹಾರಬೇಕು: ಪಿಸ್ಟನ್ ಮೇಲಕ್ಕೆ ಬಂದು ಅನಿಲವನ್ನು ಒತ್ತಿ ಮುಗಿಸುವ ಹೊತ್ತಿಗೆ. ಆ ಗಳಿಗೆಯನ್ನು ನಿರ್ಧರಿಸುವುದು ಮ್ಯಾಗ್ನೆಟ್ ಎಂದು ಕರೆಯುವ, ತಟ್ಟೆಯಗಲದ ತಿರುಗುವ ಚಕ್ರ. ಆರು ಮೂವತ್ತಾರಕ್ಕೆ ಅಕ್ಕ ಪಕ್ಕದ ಮುಚ್ಚಳ ಬಿಚ್ಚುತ್ತಾರೆ. ಅವರು ಮೊಟ್ಟಮೊದಲು ಗೀಟು ಎಳೆದ ಮುಚ್ಚಳವೇ ಅದು. ಪ್ಲಗ್ಗಿನ ತೂತಿನೊಳಕ್ಕೆ ತಂಪು ಪಾನೀಯದ ಪ್ಲಾಸ್ಟಿಕ್ ಕೊಳವೆಯೊಂದನ್ನು ಇಳಿಬಿಟ್ಟು ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾರೆ. ಕೊಳವೆ ಏರುತ್ತದೆ, ಏರುತ್ತದೆ, ನಿಲ್ಲುತ್ತದೆ. ಪಿಸ್ಟನ್ ಈಗ ತುತ್ತತುದಿಯಲ್ಲಿದೆ. ಚಕ್ರದ ಮೇಲಿನ ಗುರುತು ಮತ್ತು ಎಂಜಿನ್ನಿನ ಮೇಲಿನ ಗುರುತು ಹೆಚ್ಚುಕಡಿಮೆ ಎದುರಾಗಿರಬೇಕು. ಅವುಗಳ ನಡುವೆ ನಾಲ್ಕು ಬೆರಳಿನ ಅಂತರವಿದೆ.

ಅಕ್ಕನ ಹುಬ್ಬು ಗಂಟಿಕ್ಕುತ್ತದೆ. ಚಕ್ರದ ನಟ್ ಬಿಚ್ಚಿ, ಪುಲ್ಲರ್ ಹಾಕಿ ಎಳೆಯುತ್ತಾರೆ. ಟಕ್ಕೆಂದು ಚಕ್ರ ಕೈಗೆ ಬರುತ್ತದೆ. ಒಳಗಿನ ದಂಡದ ಮೇಲೆ ಉಗುರಿನಷ್ಟು ಉದ್ದದ ಒಂದು ಕಚ್ಚು. ಅದು ಖಾಲಿಯಾಗಿದೆ.

ಆ ಜಾಗದಲ್ಲಿ ಅರ್ಧಚಂದ್ರದ ಆಕಾರದ ಸಣ್ಣ ಉಕ್ಕಿನ ತುಂಡೊಂದು ಕೂರಬೇಕು. ಅದು ಕೂತರೆ ಚಕ್ರ ದಂಡದ ಮೇಲೆ ಒಂದೇ ಭಂಗಿಯಲ್ಲಿ ನಿಲ್ಲುತ್ತದೆ. ಅದಿಲ್ಲದಿದ್ದರೆ ಎಲ್ಲಿ ಬೇಕಾದರೂ ಬಿಗಿಯಾಗುತ್ತದೆ, ಕಿಡಿ ಯಾವಾಗ ಬೇಕಾದರೂ ಹಾರುತ್ತದೆ. ಗ್ಯಾರೇಜಿನವರು ಅದಕ್ಕೆ ಇಟ್ಟಿರುವ ಹೆಸರು 'ಕೀ'.

"ತಾಯಿ," ಎನ್ನುತ್ತಾರೆ ಅಕ್ಕ ಬಹಳ ಮೆತ್ತಗೆ. "ಕೀ ನೀನೇ ಹಾಕಿದೆ ಅಂದ್ಯಲ್ಲ."

"ಹೌದಕ್ಕ."

"ಎಲ್ಲಿಗೆ ಹಾಕಿದೆ?"

ಯುವತಿ ಹ್ಯಾಂಡಲಿನ ಕೆಳಗೆ ನೇತಾಡುತ್ತಿರುವ ಬೀಗದ ಕೈಗೊಂಚಲನ್ನು ತೋರಿಸುತ್ತಾಳೆ. "ಇಲ್ಲಿಗೆ. ಅಣ್ಣ ಕೈ ತೊಳೆಯೋಕೆ ಹೋಗ್ತಾ, 'ಕೀ ಹಾಕಿರು, ಬಂದು ಮ್ಯಾಗ್ನೆಟ್ ಕೂರಿಸ್ತೀನಿ' ಅಂದ. ಹಾಕಿ ಕೂತಿದ್ದೆ. ಬಂದವನು 'ಹಾಕಿದ್ಯಾ' ಅಂದ. 'ಹೂಂ' ಅಂದೆ. ಕತ್ತಲಾಗಿತ್ತು. ಬೇಗಬೇಗ ಬಿಗಿದುಬಿಟ್ಟ."

ಪರದೆಯಾಚೆ ಹೊಲಿಗೆ ಯಂತ್ರ ನಿಲ್ಲುತ್ತದೆ. ಯುವತಿ ಅಕ್ಕನ ಮುಖ ನೋಡುತ್ತಾಳೆ, ಖಾಲಿ ಕಚ್ಚು ನೋಡುತ್ತಾಳೆ, ಕೈಗೊಂಚಲು ನೋಡುತ್ತಾಳೆ. ಕ್ರಮೇಣ ಅರ್ಥವಾಗಿ ಆಕೆಯ ಕಿವಿ ಕೆಂಪಾಗುತ್ತದೆ. "ಮೂರು ದಿನದಿಂದ ಅವನನ್ನ ಬೈತಾ ಇದೀನಿ ಅಕ್ಕ."

"ನಾಚ್ಕೋಬೇಡಮ್ಮ," ಎನ್ನುತ್ತಾರೆ ಟೇಲರ್ ತಲೆ ಹೊರಹಾಕಿ. "ನನ್ನ ಹತ್ರ ಒಬ್ಬರು ಅಂಗಿ ತಂದು 'ಗುಂಡಿ ಹಾಕಿಡಿ, ಸಂಜೆ ಬರ್ತೀನಿ' ಅಂದ್ರು. ಇದ್ದ ಗುಂಡಿ ಎಲ್ಲಾ ಹಾಕಿ, ಮಡಚಿ, ಇಸ್ತ್ರಿ ಮಾಡಿ ಇಟ್ಟೆ. ಅವರು ಹೇಳಿದ್ದು ಉದುರಿದ ಗುಂಡಿ ಹೊಲೀರಿ ಅಂತ. ಮದುವೆ ಮನೆಗೆ ಹೊಟ್ಟೆ ತೋರಿಸ್ಕೊಂಡು ಹೋದ್ರು ಪಾಪ."

ಯುವತಿಗೆ ನಗು ಬಂದುಬಿಡುತ್ತದೆ. ಅಕ್ಕ ನಗುವುದಿಲ್ಲ. ಬಿಚ್ಚಿಟ್ಟ ಮುಚ್ಚಳವನ್ನು ಎತ್ತಿಕೊಂಡು ಅದರ ಮೇಲಿನ ನೀಲಿ ಗೀಟನ್ನು ಸೆರಗಿನ ಅಂಚಿನಿಂದ ಒರೆಸುತ್ತಾರೆ.

"ಇವಳದ್ದೇನೂ ತಪ್ಪಿಲ್ಲ. ಕಣ್ಣಲ್ಲಿ ನೋಡದೆ ಗೀಟು ಹಾಕಿದ್ದು ನಾನು. ಇಪ್ಪತ್ನಾಲ್ಕು ವರ್ಷದಿಂದ ಇದೇ ಮಾತು ಕೇಳ್ತಿದೀನಿ, 'ಕೀ ಹಾಕಿದ್ರಾ' ಅಂತ. ಕೇಳೋದು ಮೆಕ್ಯಾನಿಕ್ಕುಗಳನ್ನ. ಅವರಿಗೆ ಅರ್ಥ ಆಗ್ತಿತ್ತು. ಇವಳನ್ನ ಕೇಳುವಾಗ ಯಾವ ಕೀ ಅಂತ ಹೇಳ್ಬೇಕಿತ್ತು."

ಆರು ನಲವತ್ತೊಂಬತ್ತು. ಔಷಧಿ ಡಬ್ಬಿಯೊಂದರಿಂದ ಏಳೆಂಟು ಅರ್ಧಚಂದ್ರಗಳು ಅಂಗೈಗೆ ಬೀಳುತ್ತವೆ. ಮೊದಲನೆಯದು ಸಡಿಲ. ಎರಡನೆಯದು ದಪ್ಪ. ಮೂರನೆಯದು ಬೆರಳಿನಿಂದ ಒತ್ತಿದರೆ ಅರ್ಧ ಇಳಿಯುತ್ತದೆ. ಅಕ್ಕ ಅದನ್ನು ಹೊರತೆಗೆದು ಯುವತಿಯ ಕೈಗೆ ಕೊಡುತ್ತಾರೆ.

"ಬಾ. ನೀನೇ ಹಾಕು."

"ನಾನಾ?"

"ಕೈಯಾರೆ ಹಾಕಿದೀನಿ ಅಂದ್ಯಲ್ಲ. ಮಾತು ನಿಜ ಆಗ್ಲಿ."

ರಕ್ತನಾಳ ಹುಡುಕಿ ಅಭ್ಯಾಸವಾದ ಬೆರಳುಗಳು. ತುಂಡು ಒಂದೇ ಸಲಕ್ಕೆ ನೇರವಾಗಿ ಕೂರುತ್ತದೆ. ಅಕ್ಕ ಮರದ ಸುತ್ತಿಗೆಯಿಂದ ಎರಡು ಸಣ್ಣ ಪೆಟ್ಟು ಕೊಡುತ್ತಾರೆ, ದೀಪವನ್ನು ಹತ್ತಿರ ಎಳೆದು ಬಗ್ಗಿ ನೋಡುತ್ತಾರೆ, ಯುವತಿಗೂ ತೋರಿಸುತ್ತಾರೆ. ಚಕ್ರ ಕೂರುತ್ತದೆ, ನಟ್ ಬಿಗಿಯಾಗುತ್ತದೆ. ಕೊಳವೆ ಇಳಿಬಿಟ್ಟು ತಿರುಗಿಸಿದರೆ ಗುರುತುಗಳು ಪರಸ್ಪರ ಸಮೀಪಿಸಿ ನಿಲ್ಲುತ್ತವೆ. ಮುಚ್ಚಳದ ಮೇಲೆ ಗೀಟು ಮತ್ತೆ ಬೀಳುತ್ತದೆ. ಪ್ಲಗ್ಗನ್ನು ಒರೆಸಿ, ಒಣಗಿಸಿ, ತಿರುಗಿಸಿ ಕೂರಿಸುತ್ತಾರೆ.

ಏಳು ಗಂಟೆ ಮೂರು ನಿಮಿಷ. ಮೊದಲ ಒದೆತಕ್ಕೆ ಎಂಜಿನ್ ಕೆಮ್ಮುತ್ತದೆ. ಎರಡನೆಯದಕ್ಕೆ ಹಿಡಿದು, ತೊದಲಿ, ಆರುತ್ತದೆ. ಮೂರನೆಯದಕ್ಕೆ ನಿಲ್ಲದೆ ಓಡತೊಡಗುತ್ತದೆ. ಶೆಡ್ಡಿನ ತುಂಬ ನೀಲಿ ಹೊಗೆ. ಟೇಲರ್ ಕೆಮ್ಮುತ್ತಾ ಇಸ್ತ್ರಿ ಮಾಡಿದ ಬಟ್ಟೆಗಳ ಮೇಲೆ ಹೊದಿಕೆ ಎಳೆಯುತ್ತಾರೆ.

ಯುವತಿ ಆಗಲೇ ಹೆಲ್ಮೆಟ್ ಹಾಕಿಕೊಂಡಿದ್ದಾಳೆ. ಅಕ್ಕ ಹ್ಯಾಂಡಲ್ ಬಿಡುವುದಿಲ್ಲ. ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಪೂರ್ತಿ ಎರಡು ನಿಮಿಷ ಕೇಳುತ್ತಾರೆ.

"ಹೊಸ ಪಿಸ್ಟನ್ನು. ನಲವತ್ತರ ಮೇಲೆ ಹೋಗ್ಬೇಡ. ಅವಸರ ನಿನ್ನದು, ಅದರದ್ದಲ್ಲ."

"ಅಣ್ಣನಿಗೆ ಏನಂತ ಹೇಳ್ಲಿ ಅಕ್ಕ?"

"ಹೆಬ್ಬೆರಳು ಎತ್ತಿ ಎಸೀತು ಅಂತ ಹೇಳು, ಅವನಿಗೆ ಅರ್ಥ ಆಗುತ್ತೆ. ಎಂಜಿನ್ ಮತ್ತೆ ಬಿಚ್ಚೋದು ಬೇಡ ಅಂತಾನೂ ಹೇಳು. ಕೀ ವಿಷಯ ಆಮೇಲೆ, ಊಟಕ್ಕೆ ಕೂತಾಗ ಹೇಳು."

ಏಳು ಗಂಟೆ ಎಂಟು ನಿಮಿಷಕ್ಕೆ ಸ್ಕೂಟರ್ ಓಣಿ ದಾಟುತ್ತದೆ. ಅಕ್ಕ ತಣ್ಣಗಾದ ಚಹಾವನ್ನು ಕುಡಿದು ಹಲಗೆಯ ಮುಂದೆ ನಿಲ್ಲುತ್ತಾರೆ. ಇನ್ನೂರ ಹದಿನೈದನೆಯ ಗೀಟು ಯಾವ ಸಾಲಿಗೆ ಸೇರಬೇಕೆಂದು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ತಂತಿಯ ಸಾಲಿಗಲ್ಲ, ಗಾಳಿಯ ಸಾಲಿಗಲ್ಲ, ಎಂಜಿನ್ನಿನ ಸಾಲಿಗಂತೂ ಅಲ್ಲ. ಹಲಗೆಯ ಅಡಿಯಲ್ಲಿ ಹೊಸ ಸಾಲೊಂದನ್ನು ಬರೆದು, ಅದರ ತಲೆಗೆ 'ಮಾತು' ಎಂದು ಹೆಸರು ಕೊಟ್ಟು, ಒಂದು ಗೀಟು ಎಳೆಯುತ್ತಾರೆ.

ಅವರಿಗೆ ಏನು ಬೇಕು ಎಂದು ಕೇಳಿದರೆ ಉತ್ತರ ತಕ್ಷಣ ಬರುತ್ತದೆ. "ಮುಚ್ಚೋಕೆ ಮುಂಚೆ ಒಂದು ಸಲ ಬಗ್ಗಿ ನೋಡ್ಲಿ ಎಲ್ರೂ. ಅಷ್ಟು ಮಾಡಿದ್ರೆ ಈ ಶೆಡ್ಡೇ ಬೇಕಾಗಿಲ್ಲ."

"ಹಾಗೆಲ್ಲಾ ಬರೀಬೇಡಿ," ಎನ್ನುತ್ತಾರೆ ಟೇಲರ್. "ಎಲ್ರೂ ಬಗ್ಗಿ ನೋಡಿದ್ರೆ ಇವಳು ದಿನಪೂರ್ತಿ ನನ್ನ ಹೊಲಿಗೆ ಬಗ್ಗಿ ನೋಡ್ತಾಳೆ."

"ನೋಡೋ ಹಾಗೇ ಇದೆ ಬಿಡಿ ಹೊಲಿಗೆ."

ಮೇಜಿನ ಮೇಲಿನ ಫೋನು ಗುಂಯ್ಗುಡುತ್ತದೆ. ಅಕ್ಕನ ಕೈ ಎಣ್ಣೆಯಾಗಿರುವುದರಿಂದ ಸಂದೇಶವನ್ನು ಓದುವವರು ಟೇಲರ್. "ಬಂದೆ ಅಕ್ಕ. ಇವರ ಮನೆ ಬಾಗಿಲು ಇನ್ನೂ ತೆಗೆದಿಲ್ಲ."

ನಿಗದಿಯಾದ ವೇಳೆ ಏಳು ಮೂವತ್ತು. ಸಂದೇಶ ಬಂದ ವೇಳೆ ಏಳು ಇಪ್ಪತ್ತಾರು.